ಗುಟ್ಟು, ಹತ್ತು ಅಂಕಕ್ಕೆ

ಯಾದಗಿರಿ ಜಿಲ್ಲೆಯಲ್ಲಿ ಕಂಪ್ಯೂಟರ್ ಸೆಕ್ಯುರಿಟಿಯ ಅತ್ಯುತ್ತಮ ಪ್ರಾಕ್ಟಿಕಲ್ ನಡೆದದ್ದು 2023ರ ಅಕ್ಟೋಬರ್ 28ರಂದು, ಶನಿವಾರ. ಯಾವ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲೂ ಅಲ್ಲ. ಎಕ್ಸ್‌ಟರ್ನಲ್ ಪರೀಕ್ಷಕರು ಬಂದಿರಲಿಲ್ಲ, ಅವರ ಮುಂದೆ ನೀರಿನ ಬಾಟ್ಲಿ, ಗೋಡಂಬಿ ಬಿಸ್ಕೀಟು ಇಟ್ಟಿರಲಿಲ್ಲ, ರೆಕಾರ್ಡ್ ಬುಕ್ಕಿಗೆ ಕಂದು ಹಾಳೆಯ ಕವರು ಹಾಕಿಸಿರಲಿಲ್ಲ. ನಿಗಮ ಮಂಡಳಿಗಳ ನೌಕರಿಗೆಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಪರೀಕ್ಷೆ ಅದು. ಯಾದಗಿರಿ, ಕಲಬುರಗಿ ಜಿಲ್ಲೆಗಳ ಕೇಂದ್ರಗಳಲ್ಲಿ ಕೆಲವು ಅಭ್ಯರ್ಥಿಗಳು ಬ್ಲೂಟೂತ್ ಸಮೇತ ಸಿಕ್ಕಿಬಿದ್ದರು.

ಆ ಪ್ರಯೋಗವನ್ನು ರೆಕಾರ್ಡಿನಲ್ಲಿ ಬರೆದಿದ್ದರೆ ಹೀಗಿರುತ್ತಿತ್ತು. ಉದ್ದೇಶ: ಮುಚ್ಚಿದ ಕೋಣೆಯ ಮಾಹಿತಿಯನ್ನು ಹೊರಗೊಯ್ದು, ಬಲ್ಲವರಿಂದ ಉತ್ತರ ಬರೆಸಿ, ಮತ್ತೆ ಅದೇ ಕೋಣೆಗೆ ತರುವುದು. ಬೇಕಾಗುವ ಸಾಮಗ್ರಿ: ಕಡಲೆಕಾಳಿನಷ್ಟು ಇಯರ್‌ಪೀಸು, ಒಳ ಉಡುಪಿನಲ್ಲಿ ಅಡಗುವ ಸಣ್ಣ ಸಾಧನ, ಹೊರಗೆ ಕೂತು ಓದಿ ಹೇಳುವವನೊಬ್ಬ, ಒಳಗಿನಿಂದ ಪ್ರಶ್ನೆಪತ್ರಿಕೆ ದಾಟಿಸುವವನೊಬ್ಬ. ತತ್ವ: ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ, ನಾಲ್ಕು ಗಂಟೆಗೆ ಮನೆಗೆ ಹೋಗುವ ಆತುರದಲ್ಲಿರುವ ಮೇಲ್ವಿಚಾರಕರಿಗೆ ಅದನ್ನು ಹಿಡಿಯುವುದು ಸಾಧ್ಯವಿಲ್ಲ. ಫಲಿತಾಂಶ: ಪ್ರಯೋಗ ಭಾಗಶಃ ಯಶಸ್ವಿ, ಪ್ರಯೋಗಾರ್ಥಿಗಳು ಠಾಣೆಯಲ್ಲಿ.

ಪ್ರಕರಣದ ಪ್ರಮುಖ ಆರೋಪಿಯಂತೂ, ಪೊಲೀಸರು ಬರುವ ಸುಳಿವು ಸಿಕ್ಕೊಡನೆ ಕಲಬುರಗಿಯ ಅಪಾರ್ಟ್‌ಮೆಂಟಿನ ಕಾಂಪೌಂಡು ಹಾರಿ ಹೋದದ್ದನ್ನು ಇಡೀ ರಾಜ್ಯ ಸಿಸಿಟಿವಿಯಲ್ಲಿ ನೋಡಿತು. ಕೆಲವು ದಿನಗಳಾದ ಮೇಲೆ ಮಹಾರಾಷ್ಟ್ರದಲ್ಲಿ ಸಿಕ್ಕ. ಫೈರ್‌ವಾಲ್ ಎಂದರೇನು, ಅದರ ಮಿತಿಗಳೇನು ಎಂಬ ಪ್ರಶ್ನೆಗೆ ಏಳನೇ ಸೆಮಿಸ್ಟರಿನ ಹುಡುಗರು ಆ ವಿಡಿಯೋ ಬರೆದಿದ್ದರೆ ಪೂರ್ತಿ ಅಂಕ ಕೊಡಬಹುದಿತ್ತು. ಬರೆಯಲಿಲ್ಲ. ಸಿಲೆಬಸ್ಸಿನಲ್ಲಿ ಕಾಂಪೌಂಡಿನ ಪ್ರಸ್ತಾಪ ಇರಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಹಳೆಯ ಪದ್ಧತಿ, ಪ್ರಾಧಿಕಾರವೂ ಅದನ್ನು ಪಾಲಿಸಿತು. ಮುಂದಿನ ಪರೀಕ್ಷೆಗೆ ತುಂಬುತೋಳಿನ ಅಂಗಿ ಬೇಡ, ಬೂಟು ಬೇಡ, ಒಡವೆ ಬೇಡ, ತಲೆ ಮುಚ್ಚುವ ಬಟ್ಟೆ ಬೇಡ ಅಂತ ಫರ್ಮಾನು ಹೊರಟಿತು. ಆ ವರ್ಷದ ನವೆಂಬರಿನಲ್ಲಿ ಬೇರೊಂದು ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿಯ ಹೆಣ್ಣುಮಕ್ಕಳಿಂದ ತಾಳಿ, ಕಾಲುಂಗುರ ತೆಗೆಸಿದ್ದು ಗದ್ದಲವಾಗಿತ್ತಾದ್ದರಿಂದ ತಾಳಿಗೆ ವಿನಾಯಿತಿ ಸಿಕ್ಕಿತು. 2025ರ ಸಿಇಟಿಯಲ್ಲಿ ಬೀದರಿನ ಕೇಂದ್ರವೊಂದರಲ್ಲಿ ಜನಿವಾರ ತೆಗೆಯಲೊಪ್ಪದ ಹುಡುಗ ಗಣಿತದ ಪರೀಕ್ಷೆಯನ್ನೇ ಬರೆಯಲಾಗದೆ ವಾಪಸು ಹೋದ. ನೂಲಿನಲ್ಲಿ ಸಿಗ್ನಲ್ ಹರಿಯುತ್ತದೆಂಬ ಈ ಸಂಶೋಧನೆಗೆ ಪೇಟೆಂಟ್ ಮಾಡಿಸಿದರೋ ಇಲ್ಲವೋ ತಿಳಿಯದು.

ತೋಳು ಕತ್ತರಿಸಿದವರು ಯಾರೂ ಒಂದು ಸಣ್ಣ ಪ್ರಶ್ನೆ ಕೇಳಿಕೊಳ್ಳಲಿಲ್ಲ. ಉತ್ತರ ಕಿವಿಯಿಂದ ಒಳಗೆ ಬರಬೇಕಾದರೆ ಪ್ರಶ್ನೆ ಮೊದಲು ಯಾರದೋ ಕೈಯಿಂದ ಹೊರಗೆ ಹೋಗಿರಬೇಕಲ್ಲ? ಆ ಕೈಗೆ ತುಂಬುತೋಳೋ ಅರ್ಧತೋಳೋ ಅಂತ ಯಾರೂ ನೋಡಲಿಲ್ಲ. ಎರಡು ವರ್ಷ ಮೊದಲೇ ಪಾಠವಾಗಿತ್ತು. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆಯಿತು. 21 ಪ್ರಶ್ನೆಗೆ ಉತ್ತರ ಬರೆದ ಅಭ್ಯರ್ಥಿಗೆ 121 ಅಂಕ ಬಂದಿದೆ ಅನ್ನುವುದರಿಂದ ಗುಟ್ಟು ರಟ್ಟಾಯಿತು. ಕೊನೆಗೆ ಸಿಐಡಿ ಬಂಧಿಸಿದ್ದು ಯಾರನ್ನು? ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರನ್ನು. ಪಠ್ಯಪುಸ್ತಕದಲ್ಲಿ ಇದಕ್ಕೆ ಇನ್‌ಸೈಡರ್ ಥ್ರೆಟ್ ಎಂಬ ಅಧ್ಯಾಯವಿದೆ. ಬೇಲಿಯೇ ಎದ್ದು ಹೊಲ ಮೇಯುವ ಮಾತನ್ನು ನಮ್ಮ ಹಿರಿಯರು ಪುಸ್ತಕ ಬರುವ ಮುಂಚೆಯೇ ಆಡಿದ್ದರು. ಆದರೂ ಪ್ರತಿಸಲ ನಾವು ಜಡ್ತಿ ಮಾಡುವುದು ಹೊಲದೊಳಗೆ ಬಂದ ಕರುವನ್ನು.

ಎಸ್ಸೆಸ್ಸೆಲ್ಸಿಯದೂ ಇದೇ ಕತೆ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 75.49 ಇದ್ದ ಯಾದಗಿರಿಯ ಫಲಿತಾಂಶ ಶೇ 50.59ಕ್ಕೆ ಬಂತು. ಅದೂ ಗ್ರೇಸ್ ಅಂಕವನ್ನು ದುಪ್ಪಟ್ಟು ಮಾಡಿ ಹಂಚಿದ ಮೇಲೆ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಗ್ರೇಸು. ಹಾಗಂತ ಜಿಲ್ಲೆಯಲ್ಲಿ ಭದ್ರವಾಗಿ ಉಳಿದದ್ದು ಏನೂ ಇಲ್ಲ ಅನ್ನಲಾಗದು. ರಾಜ್ಯದ ಕೊನೆಯ ಸ್ಥಾನ 2023ರಲ್ಲೂ ನಮ್ಮದೇ, 2024ರಲ್ಲೂ ನಮ್ಮದೇ. ಅದನ್ನು ಯಾವ ಹ್ಯಾಕರ್‌ನಿಂದಲೂ ಅಲುಗಾಡಿಸಲಾಗಲಿಲ್ಲ.

ಇಷ್ಟೆಲ್ಲ ಊರ ಬಾಗಿಲಲ್ಲಿ ನಡೆಯುತ್ತಿರುವಾಗ ವಿಶ್ವವಿದ್ಯಾಲಯದಲ್ಲಿ ಏನು ನಡೆಯುತ್ತಿದೆ? ಸೀಸರ್ ನಡೆಯುತ್ತಿದ್ದಾನೆ.

ಜೂಲಿಯಸ್ ಸೀಸರ್ ಪ್ರತಿ ಅಕ್ಷರವನ್ನು ಮೂರು ಮನೆ ಮುಂದಕ್ಕೆ ತಳ್ಳಿ ಗುಟ್ಟಿನ ಪತ್ರ ಬರೆಯುತ್ತಿದ್ದನಂತೆ. ಎರಡು ಸಾವಿರ ವರ್ಷವಾದರೂ ಕ್ರಿಪ್ಟೋಗ್ರಫಿ ಪತ್ರಿಕೆಯ ಮೊದಲ ಮಾಡ್ಯೂಲಿನಿಂದ ಅವನಿಗೆ ನಿವೃತ್ತಿ ಇಲ್ಲ. ಅವನ ಹಿಂದೆ ಪ್ಲೇಫೇರ್ ಸೈಫರು. ಅದರ ಐದು ಬೈ ಐದರ ಚೌಕಕ್ಕೆ ಸ್ಟಾಲಿಂಗ್ಸ್ ಅವರ ಪಠ್ಯಪುಸ್ತಕ 'ಮೊನಾರ್ಕಿ' ಎಂಬ ಪದವನ್ನು ಕೀಲಿಯಾಗಿ ಕೊಟ್ಟಿದೆ. ಅಂದಿನಿಂದ ಕರ್ನಾಟಕದ ಯಾವ ಕಾಲೇಜಿನಲ್ಲಿ ಕೇಳಿದರೂ ಕೀಲಿ ಮೊನಾರ್ಕಿಯೇ. ಪ್ರಜಾಪ್ರಭುತ್ವ ಬಂದು ಇಷ್ಟು ವರ್ಷವಾಗಿರಬಹುದು, ಬೋರ್ಡಿನ ಮೇಲೆ ಇನ್ನೂ ರಾಜಪ್ರಭುತ್ವ.

ಇನ್ನು ಈ ವಿದ್ಯೆಯ ಪಟ್ಟದ ಆನೆ ಆರ್‌ಎಸ್‌ಎ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕಂಡುಹಿಡಿದದ್ದು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆ ಗುಣಿಸುವುದು ಸಲೀಸು, ಗುಣಲಬ್ಧ ಹಿಡಿದು ಮೂಲಕ್ಕೆ ಮರಳುವುದು ಕಡುಕಷ್ಟ. ಬ್ಯಾಂಕಿನ ವ್ಯವಹಾರ ಬಹಳಷ್ಟು ಈ ಕಷ್ಟವನ್ನೇ ನೆಚ್ಚಿಕೊಂಡಿದೆ. ನಿಜವಾದ ಕೀಲಿಯಲ್ಲಿ ಆ ಗುಣಲಬ್ಧ ಆರುನೂರಕ್ಕೂ ಹೆಚ್ಚು ಅಂಕಿಗಳಷ್ಟು ಉದ್ದ. ಪರೀಕ್ಷೆಯಲ್ಲಿ ಅಷ್ಟು ಬರೆಯಲು ಆಗುತ್ತದೆಯೇ? ಪಿ ಅಂದರೆ 17, ಕ್ಯೂ ಅಂದರೆ 11, ಇ ಅಂದರೆ 7. ಗುಟ್ಟಿನ ಸಂದೇಶ 88. ಸೈಫರ್ 11. ಇದೂ ಸ್ಟಾಲಿಂಗ್ಸ್ ಕೊಟ್ಟ ಲೆಕ್ಕವೇ. ಯಾವ ಗುಟ್ಟನ್ನು ಕಾಪಾಡಲು ಈ ವಿದ್ಯೆ ಹುಟ್ಟಿತೋ ಅದು ಎಲ್ಲ ಹುಡುಗರಿಗೂ ಬಾಯಿಪಾಠ. ಅಂಕಿ ಬದಲಿಸಿ ಕೊಟ್ಟ ಮೇಷ್ಟ್ರ ವಿರುದ್ಧ 'ಔಟ್ ಆಫ್ ಸಿಲೆಬಸ್' ಅಂತ ಅರ್ಜಿ ಹೋಗುತ್ತದೆ.

ಕೆರ್ಕಾಫ್ಸ್ ಎಂಬ ಭಾಷಾ ಪಂಡಿತ 1883ರಲ್ಲೇ ಹೇಳಿದ್ದ: ಗೂಢಲಿಪಿಯ ವಿಧಾನವೆಲ್ಲ ಶತ್ರುವಿಗೆ ತಿಳಿದರೂ ಚಿಂತೆಯಿಲ್ಲ, ಕೀಲಿಯೊಂದು ಗುಟ್ಟಾಗಿದ್ದರೆ ಸಾಕು. ನಮ್ಮ ವಿಶ್ವವಿದ್ಯಾಲಯ ಈ ತತ್ವವನ್ನು ತಲೆಕೆಳಗು ಮಾಡಿ ಸಾಧಿಸಿದೆ. ಕೀಲಿ ಝೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ವಿಧಾನ ಮಾತ್ರ ಯಾರಿಗೂ ತಿಳಿದಿಲ್ಲ. ಆ ಅಂಗಡಿಯಲ್ಲಿ 'ಪಾಸಿಂಗ್ ಪ್ಯಾಕೇಜ್' ಅಂತ ಒಂದು ಕಟ್ಟು ಇರುತ್ತದೆ: ಮಾಡ್ಯೂಲಿಗೆ ಎರಡೆರಡು ಪ್ರಶ್ನೆ, ಬಿಡಿಸಿದ ಉತ್ತರ. ಅದನ್ನೇ ಅಂಗೈಯಗಲಕ್ಕೆ ಇಳಿಸಿದರೆ ಮೈಕ್ರೋ ಝೆರಾಕ್ಸ್. ಒಂದು ಮಾಹಿತಿಯೊಳಗೆ ಇನ್ನೊಂದನ್ನು ಕಣ್ಣಿಗೆ ಕಾಣದಂತೆ ಅಡಗಿಸುವ ಸ್ಟೆಗನೋಗ್ರಫಿ ಎಂಬ ವಿದ್ಯೆಯನ್ನು ಎಷ್ಟೋ ಹುಡುಗರು ಪುಸ್ತಕದಲ್ಲಿ ಓದಿಲ್ಲ, ಸಾಕ್ಸಿನೊಳಗೆ ಓದಿದ್ದಾರೆ. ನೆಟ್‌ವರ್ಕ್ ಸೆಕ್ಯುರಿಟಿ ಪತ್ರಿಕೆಗೆ ಕಾಪಿ ಹೊಡೆದು ಸಿಕ್ಕಿಬಿದ್ದವನನ್ನು ಫೇಲ್ ಮಾಡುವುದು ಸರಿ. ಸಿಕ್ಕಿಬೀಳದವನಿಗೆ ಡಿಸ್ಟಿಂಕ್ಷನ್ ಕೊಡಬೇಕೆಂಬುದು ನನ್ನ ವಿನಮ್ರ ಸಲಹೆ.

ಲ್ಯಾಬಿನ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. ಕಾಲೇಜಿನ ಹೆಸರು ಬೇಡ, ಎಲ್ಲ ಕಡೆ ಹಾಗೇ ಇದೆ. ಮಾನಿಟರಿನ ಮೂಲೆಗೆ ಹಚ್ಚಿದ ಚೀಟಿಯಲ್ಲಿ ಪಾಸ್‌ವರ್ಡು ಬರೆದಿರುತ್ತದೆ, ಅದು ಕಾಲೇಜಿನ ಹೆಸರಿನ ಮುಂದೆ ಒಂದು ಎರಡು ಮೂರು. ಪೆನ್‌ಡ್ರೈವ್ ತರಬಾರದು ಅಂತ ಬೋರ್ಡು. ಬೋರ್ಡಿನ ಕೆಳಗಿನ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ ಮೇಷ್ಟ್ರು ಪಿಪಿಟಿ ತೋರಿಸುತ್ತಾರೆ. ಶೀರ್ಷಿಕೆ 'ವೈರಸ್ ಹರಡುವ ಮಾರ್ಗಗಳು'. ಕೊನೆಯ ವರ್ಷದ ಪ್ರಾಜೆಕ್ಟು ಬೆಂಗಳೂರಿನ ರೆಡಿಮೇಡ್ ಅಂಗಡಿಯಿಂದ ಬರುತ್ತದೆ, ಕೋಡು, ವರದಿ, ವೈವಾ ಉತ್ತರ ಎಲ್ಲ ಸೇರಿ. ವಿಷಯ ಸಾಮಾನ್ಯವಾಗಿ 'ಕ್ಲೌಡಿನಲ್ಲಿ ದತ್ತಾಂಶ ಕಳ್ಳತನ ತಡೆಯುವುದು'.

ಆದರೂ ಪ್ರತಿ ಕಾಲೇಜಿನಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಇರುತ್ತಾರೆ, ಈ ವಿದ್ಯೆ ನಿಜವಾಗಿ ಹಿಡಿಸಿದವರು. ನಾನು ಕೇಳಿದ ಒಂದು ಪ್ರಸಂಗ ಇದು. ಕಾಲೇಜಿನ ವೆಬ್‌ಸೈಟಿನಲ್ಲಿ ತನ್ನ ಅಂಕ ನೋಡುತ್ತಿದ್ದ ಹುಡುಗನೊಬ್ಬ ಮೇಲಿನ ವಿಳಾಸದಲ್ಲಿ ತನ್ನ ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಇರುವುದನ್ನು ಗಮನಿಸಿದ. ನಮ್ಮ ಕಡೆಯ ಯುಎಸ್‌ಎನ್ 3ರಿಂದ ಶುರು. ಕೊನೆಯ ಮೂರು ಅಂಕಿ ರೋಲ್ ನಂಬರು. ಕೊನೆಯ ಅಂಕಿ ಬದಲಿಸಿದ. ಪಕ್ಕದವನ ಅಂಕ, ಫೋನ್ ನಂಬರು, ಅಪ್ಪನ ಆದಾಯ ಪ್ರಮಾಣಪತ್ರ ಎಲ್ಲ ಬಂತು. ಓಡಿಬಂದು ಮೇಷ್ಟ್ರಿಗೆ ಹೇಳಿದ.

'ಸರ, ನಮ್ಮ ಸೈಟಿನಾಗ ಯಾರ ಮಾಹಿತಿ ಬೇಕಾದ್ರೂ ಯಾರ್ ಬೇಕಾದ್ರೂ ನೋಡಬಹುದ್ರಿ.'

'ನಿನಗ ಹ್ಯಾಂಗ ಗೊತ್ತಾತು?'

'ನಂಬರ್ ಬದಲ್ ಮಾಡಿ ನೋಡಿದ್ನಿರಿ ಸರ.'

'ಯಾರ್ ಹೇಳಿದ್ರು ನಿನಗ ಬದಲ್ ಮಾಡಾಕ?'

ಅಲ್ಲಿಗೆ ವಿಷಯ ತಿರುಗಿತು. ಮನೆಯಿಂದ ಅಪ್ಪನನ್ನು ಕರೆಸಿದರು. ಹತ್ತಿ ಬಿಡಿಸುವ ಸುಗ್ಗಿ ಬಿಟ್ಟು ಬಂದ ಅಪ್ಪ, ಮಗ ಏನು ಕದ್ದ ಅಂತ ಕೇಳಿದ. ಏನೂ ಕದ್ದಿಲ್ಲ, ಬಾಗಿಲು ತೆರೆದಿದೆ ಅಂತ ಹೇಳಿದ ಅಷ್ಟೇ ಅಂತ ಯಾರೂ ಹೇಳಲಿಲ್ಲ. ಇನ್ನು ಮುಂದೆ ಇಂಥ ಕೆಲಸ ಮಾಡುವುದಿಲ್ಲ ಅಂತ ಹುಡುಗ ಮುಚ್ಚಳಿಕೆ ಬರೆದುಕೊಟ್ಟ. ಸೈಟು ಹಾಗೇ ಇತ್ತು. ಮುಚ್ಚಳಿಕೆಯನ್ನು ಸ್ಕ್ಯಾನ್ ಮಾಡಿ ಅದೇ ಸೈಟಿಗೆ ಹಾಕಿದರೆಂದು ಕೇಳಿದೆ. ಇಷ್ಟು ಚಂದದ ಮಾತನ್ನು ಪರಿಶೀಲಿಸಿ ಕೆಡಿಸಿಕೊಳ್ಳುವ ಮನಸ್ಸಾಗಲಿಲ್ಲ.

ಕಾನೂನು ಕೂಡ ಹುಡುಗನ ಪರ ನಿಲ್ಲುವುದು ಅಷ್ಟಕ್ಕಷ್ಟೇ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಸೆಕ್ಷನ್ನಿನ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಅವರ ಕಂಪ್ಯೂಟರಿನಲ್ಲಿ ಕೈಯಾಡಿಸುವುದೇ ತಪ್ಪು. ಅಪ್ರಾಮಾಣಿಕ ಉದ್ದೇಶ ಇತ್ತೆಂದರೆ 66ನೇ ಸೆಕ್ಷನ್, ಮೂರು ವರ್ಷದವರೆಗೆ ಜೈಲು. ದೋಷ ಕಂಡವರು ತಿಳಿಸಲಿ ಅಂತ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2004ರಿಂದ ಇದೆ, ಅದನ್ನು ಹುಡುಗರಿಗೆ ಹೇಳುವವರಿಲ್ಲ. ಅಮೆರಿಕದಲ್ಲಿ 1988ರ ನವೆಂಬರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಮೋರಿಸ್ ಎಂಬ ವಿದ್ಯಾರ್ಥಿ ಒಂದು ವರ್ಮ್ ಬಿಟ್ಟು ಅಂದಿನ ಇಂಟರ್ನೆಟ್ಟಿನ ಸಾವಿರಾರು ಕಂಪ್ಯೂಟರುಗಳನ್ನು ಮಲಗಿಸಿದ. ಅವನಿಗೆ ಶಿಕ್ಷೆಯಾಯಿತು: ದಂಡ, 400 ತಾಸು ಸಮುದಾಯ ಸೇವೆ. ಆಮೇಲೆ ಎಂಐಟಿಯಲ್ಲಿ ಪ್ರೊಫೆಸರ್ ಆದ. ನಮ್ಮ ಹುಡುಗ ಏನನ್ನೂ ಮಲಗಿಸಲಿಲ್ಲ, ಮಲಗಿದ್ದವರನ್ನು ಎಬ್ಬಿಸಿದ. ಅದು ದೊಡ್ಡ ಅಪರಾಧ.

ಕ್ರಿಪ್ಟೋಗ್ರಫಿ ಹೇಳಿಕೊಡುವವರು ರೋಮಿನವರೆಗೆ ಹೋಗುತ್ತಾರೆ, ಕೊಡೇಕಲ್ಲಿನವರೆಗೆ ಬರುವುದಿಲ್ಲ. ಇದು ನನಗೆ ಅರ್ಥವಾಗದ ಸಂಗತಿ. ಮೊದಲು ಸುರಪುರ ತಾಲ್ಲೂಕಿನಲ್ಲಿದ್ದು ಈಗ ಹುಣಸಗಿಗೆ ಸೇರಿದ ಆ ಊರಿನ ಕೊಡೇಕಲ್ ಬಸವಣ್ಣನ ಪರಂಪರೆಯಲ್ಲಿ ಅಮರಗನ್ನಡ ಎಂಬ ಗೂಢಲಿಪಿ ಇದೆ. ಕಾಲಜ್ಞಾನದ ಬರಹಗಳು ಅದರಲ್ಲಿವೆ. ಕನ್ನಡ ಬಲ್ಲವನ ಕಣ್ಣೆದುರೇ ಇದ್ದರೂ, ಬಗೆಯುವ ಕ್ರಮ ತಿಳಿದವರಿಗಲ್ಲದೆ ದಕ್ಕದು. ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಜಾಗದಲ್ಲಿ ಒಂದು ಜೀವಂತ ಸೈಫರು. ಯಾವ ಅಕ್ಷರ ಎಷ್ಟು ಸಲ ಬಂದಿದೆ ಅಂತ ಎಣಿಸಿ ಗೂಢಲಿಪಿ ಬಿಡಿಸುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಅಸೈನ್‌ಮೆಂಟು ಬೇಕೇ? ಆದರೆ ಅದು ಪಾಸಿಂಗ್ ಪ್ಯಾಕೇಜಿನಲ್ಲಿಲ್ಲ. ಅಲ್ಲದೆ ಕಾಲಜ್ಞಾನವಾದ್ದರಿಂದ ಮುಂದೆ ಬರುವ ಪ್ರಶ್ನೆಪತ್ರಿಕೆ ಕೂಡ ಅದರಲ್ಲಿ ಇದ್ದುಬಿಟ್ಟರೆ ವಿಶ್ವವಿದ್ಯಾಲಯಕ್ಕೆ ಕಷ್ಟ.

ಸೋಷಿಯಲ್ ಎಂಜಿನಿಯರಿಂಗ್ ಅಂತ ಇನ್ನೊಂದು ಪಾಠ. ಯಂತ್ರವನ್ನು ಒಡೆಯುವುದಲ್ಲ, ಮನುಷ್ಯನ ನಂಬಿಕೆ ಗಳಿಸಿ ಅವನ ಕೈಯಿಂದಲೇ ಬಾಗಿಲು ತೆಗೆಸುವುದು. ಇದಕ್ಕೂ ಉದಾಹರಣೆ ಕ್ಯಾಲಿಫೋರ್ನಿಯದಿಂದ. ಈ ವಿಷಯದ ಮೇಲೆ ಇಡೀ ಕಾದಂಬರಿ ಬರೆದ ಆಸಾಮಿ ಸುರಪುರದಲ್ಲೇ ಬಂಗಲೆ ಕಟ್ಟಿಸಿಕೊಂಡು ಹತ್ತು ಹನ್ನೆರಡು ವರ್ಷ ಆಡಳಿತ ನಡೆಸಿದ್ದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈಗಲೂ ಇದೆ. ಮೆಡೋಸ್ ಟೇಲರ್ ಠಕ್ಕರ ಕತೆಯಾದ 'ಕನ್ಫೆಶನ್ಸ್ ಆಫ್ ಎ ಠಗ್' ಪ್ರಕಟಿಸಿದ್ದು 1839ರಲ್ಲಿ, ಪೊಲಿಟಿಕಲ್ ಏಜೆಂಟಾಗಿ ಸುರಪುರಕ್ಕೆ ಬಂದದ್ದು 1841ರಲ್ಲಿ. ಠಕ್ಕರು ದಾರಿಯಲ್ಲಿ ಯಾರ ಮೇಲೂ ಏಕಾಏಕಿ ಬೀಳುತ್ತಿರಲಿಲ್ಲ. ಜೊತೆಗಾರರಾಗಿ ಸೇರುತ್ತಿದ್ದರು. ದಾರಿಗಳ್ಳರ ಕಾಟ ಬಹಳ, ನಾವೆಲ್ಲ ಒಟ್ಟಿಗೆ ಹೋಗೋಣ ಅನ್ನುತ್ತಿದ್ದರು. ಒಟ್ಟಿಗೆ ಉಂಡು, ಹಾಡಿ, ಪ್ರಯಾಣಿಕನ ಭಯವನ್ನೇ ನಂಬಿಕೆಯಾಗಿ ಮಾರ್ಪಡಿಸಿ, ಆಮೇಲೆ ತಂಬಾಕು ತಾ ಅಂತ ಒಬ್ಬ ಸಂಜ್ಞೆ ಕೊಟ್ಟರೆ ರುಮಾಲು ಕುತ್ತಿಗೆಗೆ ಬೀಳುತ್ತಿತ್ತು. ಈಗಿನ ಕರೆ ಹೀಗೆ ಬರುತ್ತದೆ: 'ನಿಮ್ಮ ಖಾತೆಗೆ ಕಳ್ಳರ ಕಣ್ಣು ಬಿದ್ದಿದೆ ಸರ್, ನಾವು ಬ್ಯಾಂಕಿನವರು, ಕಾಪಾಡುತ್ತೇವೆ, ಒಂದು ಓಟಿಪಿ ಹೇಳಿ.' ಕಳ್ಳರಿಂದ ಕಾಪಾಡುತ್ತೇವೆ ಅನ್ನುವವನೇ ಕಳ್ಳ ಎಂಬ ಮೂಲಮಂತ್ರ ಬದಲಾಗಿಲ್ಲ. ಟೇಲರ್ ಮಂಜಿಲಿನ ಮೆಟ್ಟಿಲ ಮೇಲೆ ಕೂತು ಒಂದು ದಿನ ಈ ಪಾಠ ಮಾಡಿದರೆ ಹುಡುಗರು ಸಾಯುವವರೆಗೆ ಮರೆಯುವುದಿಲ್ಲ. ಆದರೆ ಹಾಗೆ ಹೋಗಲು ಪ್ರಾಂಶುಪಾಲರ ಅನುಮತಿ, ಬಸ್ಸಿನ ಬಾಡಿಗೆ, ಆಕ್ಟಿವಿಟಿ ಪಾಯಿಂಟಿನ ನಮೂನೆ.

ರಕ್ಷಣೆಗೆ ಮೂರು ಕಾಲು ಅಂತ ಪುಸ್ತಕದ ಮೊದಲ ಪುಟದಲ್ಲೇ ಇರುತ್ತದೆ: ಗುಟ್ಟು ಉಳಿಯಬೇಕು, ದಾಖಲೆ ತಿದ್ದುಪಡಿಯಾಗಬಾರದು, ಬೇಕಾದಾಗ ಸೇವೆ ಸಿಗಬೇಕು. ಪ್ರಶ್ನೆಪತ್ರಿಕೆ ಹೊರಗೆ ಹೋದದ್ದು ಮೊದಲನೆಯದು. ಪಿಎಸ್‌ಐ ಪರೀಕ್ಷೆಯ ಒಎಂಆರ್ ಉತ್ತರ ಹಾಳೆ ಆಮೇಲೆ ತುಂಬಿದ್ದು ಎರಡನೆಯದು. ಮೂರನೆಯದನ್ನು ನಮ್ಮ ಜನ 'ಸರ್ವರ್ ಡೌನ್' ಎಂಬ ಹೆಸರಿನಲ್ಲಿ ಬಲ್ಲರು. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ, ಸುಳ್ಳು ಕೋರಿಕೆಗಳನ್ನು ಸುರಿಸಿ ಸರ್ವರನ್ನು ಕಟ್ಟಿಹಾಕುವ ಡಿಡಾಸ್ ದಾಳಿಯಾಗಿ ರಾಜ್ಯದ ಉಪನೋಂದಣಿ ಕಚೇರಿಗಳ ಕೆಲಸ ಕುಂಟಿತು. ಸರ್ಕಾರ ಇದು ದಾಳಿ ಅಂತ ಪ್ರಕಟಿಸಿತು. ನಮ್ಮ ಜನಕ್ಕೆ ವ್ಯತ್ಯಾಸ ತಿಳಿಯಲಿಲ್ಲ. ದಾಳಿ ಇಲ್ಲದ ದಿನವೂ ಅದು ಹಾಗೇ ಇರುತ್ತಿತ್ತು.

ಕಾವೇರಿಯ ಹೆಸರು ಬಂದದ್ದರಿಂದ ಹೆಬ್ಬೆಟ್ಟಿನ ಮಾತನ್ನೂ ಹೇಳಲೇಬೇಕು. ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ 51.83, ರಾಜ್ಯದಲ್ಲೇ ಕಡಿಮೆ. ಅಂದರೆ ಸುಮಾರು ಅರ್ಧ ಜಿಲ್ಲೆಗೆ ಹೆಬ್ಬೆಟ್ಟೇ ಸಹಿ. ಆಧಾರ್ ಬಂದ ಮೇಲೆ ಅದಕ್ಕೆ ಬಡ್ತಿ ಸಿಕ್ಕಿತು, ಪಾಸ್‌ವರ್ಡ್ ಆಯಿತು. ಆಧಾರ್ ನಂಬರು, ಬ್ಯಾಂಕಿನ ಹೆಸರು, ಒಂದು ಬೆರಳು, ಇಷ್ಟಿದ್ದರೆ ಊರೊಳಗಿನ ಬ್ಯಾಂಕ್ ಪ್ರತಿನಿಧಿಯ ಬಿಸಿ ಪಾಯಿಂಟಿನಲ್ಲಿ ಒಂದು ಸಲಕ್ಕೆ ₹10,000ದವರೆಗೆ ದುಡ್ಡು ತೆಗೆಯಬಹುದು. ಓಟಿಪಿ ಬೇಡ. ಈಗ ಜಮೀನು ಮಾರಿದವರ ಕ್ರಯಪತ್ರ ನೋಡಿ: ಹೆಬ್ಬೆಟ್ಟಿನ ಗುರುತು, ಜೊತೆಗೆ ಆಧಾರ್ ಪ್ರತಿ. ಆ ಪತ್ರವನ್ನು ಸರ್ಕಾರ ಕಾವೇರಿಯ ಜಾಲತಾಣದಲ್ಲಿ ಕೇಳಿದವರಿಗೆಲ್ಲ ಕೊಡುತ್ತಿತ್ತು. ಕಳ್ಳರು ಶುಲ್ಕ ಕಟ್ಟಿ, ರಸೀದಿ ಪಡೆದು, ಹೆಬ್ಬೆಟ್ಟು ಇಳಿಸಿಕೊಂಡು, ಸಿಲಿಕೋನಿನಲ್ಲಿ ಬೆರಳು ಎರಕ ಹೊಯ್ದರು. 2023ರಲ್ಲಿ ರಾಜ್ಯದ ಹಲವು ಕಡೆ ಖಾತೆಗಳು ಖಾಲಿಯಾದ ಮೇಲೆ ಇಲಾಖೆ ಪತ್ರಗಳಲ್ಲಿನ ಹೆಬ್ಬೆಟ್ಟನ್ನು ಮರೆಮಾಡಲು ಹೊರಟಿತು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ಬೆರಳು? ದೇವರು ಕೊಟ್ಟದ್ದು ಹತ್ತು, ಆಯುಷ್ಯಪೂರ್ತಿ ಅಷ್ಟೇ. ಇದರ ಮೇಲೆ ಒಂದು ಪ್ರಶ್ನೆಯಾದರೂ ನಮ್ಮ ಯಾವ ಸೆಮಿಸ್ಟರಿನಲ್ಲೂ ಬಂದದ್ದು ನಾನು ಕಾಣೆ. ಮೊನಾರ್ಕಿ ಬಂದಿದೆ.

ಶಹಾಪುರದ ಬಸ್ ಸ್ಟ್ಯಾಂಡಿನ ಸಮೀಪದ ಒಂದು ಆನ್‌ಲೈನ್ ಸೆಂಟರಿನಲ್ಲಿ ಮೊನ್ನೆ ಕೂತಿದ್ದೆ. ನಡೆಸುವವನು ಕಂಪ್ಯೂಟರ್ ಸೈನ್ಸಿನಲ್ಲಿ ಬಿಇ. ಬೆಂಗಳೂರಿಗೆ ಹೋಗಿ, ಸೆಕ್ಯುರಿಟಿ ಕೆಲಸಕ್ಕೆ ಎರಡು ವರ್ಷದ ಅನುಭವ ತಾ ಅನ್ನಿಸಿಕೊಂಡು, ಅನುಭವ ಎಲ್ಲಿ ಸಿಗುತ್ತದೆಂದು ಕೇಳಿ, ಕೆಲಸಕ್ಕೆ ಸೇರಿದರೆ ಅಂತ ಉತ್ತರ ಪಡೆದು, ರಾತ್ರಿ ರೈಲಿಗೆ ವಾಪಸು ಬಂದವನು. ಅವನ ಮೇಜಿನ ಮೇಲೆ ಇನ್ನೂರು ಪುಟದ ಲಾಂಗ್ ಬುಕ್ಕು. ಸುತ್ತಲ ಹಳ್ಳಿಗಳ ಜನರ ಆಧಾರ್ ನಂಬರು, ಇಮೇಲು, ಪಾಸ್‌ವರ್ಡು, ಮಕ್ಕಳ ಸ್ಕಾಲರ್‌ಶಿಪ್ ಐಡಿ ಎಲ್ಲ ಅದರಲ್ಲಿ, ನೀಲಿ ಶಾಯಿಯಲ್ಲಿ. ಪುಸ್ತಕದ ಪ್ರಕಾರ ಇದು ಮಹಾಪಾಪ. ನನ್ನ ಅಭಿಪ್ರಾಯದಲ್ಲಿ ಜಿಲ್ಲೆಯಲ್ಲಿ ಹೊರದೇಶದ ಯಾವ ಹ್ಯಾಕರ್‌ಗೂ ಎಟುಕದ ಏಕೈಕ ದತ್ತಾಂಶ ಕೇಂದ್ರ ಇದು. ಮಳೆ ಬಂದರೆ ಮಾತ್ರ ಕಷ್ಟ.

ಮುದುಕಿಯೊಬ್ಬಳು ಬೆರಳು ಒತ್ತುತ್ತಿದ್ದಳು. ವರ್ಷಗಟ್ಟಲೆ ಹತ್ತಿ ಬಿಡಿಸಿ, ಕಳೆ ಕಿತ್ತು, ಗೆರೆಯೇ ಉಳಿದಿರಲಿಲ್ಲ. ಒತ್ತಿದಳು, ಕೆಂಪು ಬಂತು. ಸೀರೆಯ ಸೆರಗಿಗೆ ಒರೆಸಿ ಒತ್ತಿದಳು, ಕೆಂಪು. ಬಾಯಿಂದ ಹಬೆ ಊದಿ ಒತ್ತಿದಳು.

'ಬರವಲ್ದು ಆಯಿ. ಮತ್ತೊಂದ್ ಬಟ್ಟು ಇಡು.'

'ಎಲ್ಲಾ ನಂದೇ ಬಟ್ಟು ಅದಾವಲ್ಲೋ ಯಪ್ಪಾ.'

ಸಿಲಿಕೋನಿನ ಬೆರಳಿಗೆ ತೆರೆದುಕೊಳ್ಳುವ ಯಂತ್ರ ಸ್ವಂತ ಬೆರಳನ್ನು ಗುರುತಿಸಲೊಲ್ಲದು. ಕೊನೆಗೆ ಆರನೆಯ ಬೆರಳಿಗೆ ಹಸಿರು ಬಂತು, ಗೃಹಲಕ್ಷ್ಮಿಯ ₹2,000 ಎಣಿಸಿಕೊಂಡಳು. ಬೆರಳನ್ನು ಲಾಕ್ ಮಾಡುವ ಸೌಲಭ್ಯ ಇದೆಯಲ್ಲ, ಮಾಡಿಕೊಡಬಾರದೇ ಅಂತ ಅವನನ್ನು ಕೇಳಿದೆ.

'ಮಾಡಿದ್ನಿರಿ ಸರ ಹೋದ ವರ್ಷ. ಓಟಿಪಿ ಮಗನ ಫೋನಿಗಿ ಬರತೈತಿ, ಅಂವ ಗುಳೆ ಹೋಗ್ಯಾನ ಬೆಂಗಳೂರಿಗಿ, ಬಿಲ್ಡಿಂಗ್ ಕೆಲಸ. ಸ್ಪೀಕರಿನಾಗ ಹೇಳಿದ, ಲಾಕ್ ಆತು. ಮುಂದಿನ ತಿಂಗಳ ದುಡ್ಡ ತೆಗಿಬೇಕಾದ್ರ ಮತ್ತ ಅನ್‌ಲಾಕ್, ಮತ್ತ ಓಟಿಪಿ. ಅಂವ ಸ್ಲ್ಯಾಬ್ ಮ್ಯಾಲ ಇದ್ದ, ಫೋನ್ ಎತ್ತಲಿಲ್ಲ. ಮೂರು ಸಲ ಬಸ್ ಚಾರ್ಜ್ ಹಾಕ್ಕೊಂಡ್ ಬಂದ್ಳು ಆಯಿ. ಈಗ ಓಪನ್ನೇ ಇಟ್ಟೀನ್ರಿ.'

ಕ್ರಿಪ್ಟೋಗ್ರಫಿಯಲ್ಲಿ ಎಷ್ಟು ಬಂದಿತ್ತಪ್ಪಾ ನಿನಗೆ ಅಂದೆ.

'ಎಂಬತ್ತೊಂಬತ್ತು ಬಂದಿತ್ರಿ ಸರ, ಕಾಲೇಜಿಗೇ ಫಸ್ಟ್' ಅಂದ. ಅಂದವನು ಲಾಂಗ್ ಬುಕ್ಕು ತೆರೆದು, ಬಾಗಿಲ ಬಳಿ ಸಾಲಿನಲ್ಲಿ ನಿಂತಿದ್ದವರ ಕಡೆ ತಿರುಗಿದ.

'ಯಾರ್ರೀ ಮುಂದಿನವ್ರು? ಆಧಾರ್ ನಂಬರ್ ಹೇಳ್ರಿ. ಜೋರಾಗಿ ಹೇಳ್ರಿ, ಫ್ಯಾನಿನ ಸಪ್ಪಳಕ್ಕ ಕೇಳಂಗಿಲ್ಲ.'